ಅಚ್ಚಿನ ಸದ್ದು

ಲಕ್ಕೂರು
ಫೆಬ್ರವರಿ 12, 2025

ಪ್ರೀತಿಯ ಅಮ್ಮಾ,

ರೇಡಿಯೊದಲ್ಲಿ ಬಂದ ನಿನ್ನ ಮಾತನ್ನು ಕದ್ದು ರೆಕಾರ್ಡ್ ಮಾಡಿದ್ದು ಶಾಮಲಮ್ಮ ಅಲ್ಲ, ನಾನು. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಇಲ್ಲದಿದ್ದರೆ ನಿನ್ನ ಆರೋಗ್ಯ ವಿಚಾರಿಸುವ ನೆಪದಲ್ಲಿ ಹಾಳೆ ತುಂಬಿಸಿ ತಪ್ಪಿಸಿಕೊಳ್ಳುತ್ತಿದ್ದೆ. ಮೊಣಕಾಲು ನೋವು ಹೇಗಿದೆ? ಶ್ರೀನಿವಾಸಪುರದ ಕಡೆ ಟೊಮೆಟೊ ಬಿಡಿಸಲು ದಿನವಿಡೀ ಬಗ್ಗಿರಬೇಕಂತೆ. ದೊಡ್ಡವೆಂಕಟಪ್ಪ ಮಾವನ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣುತ್ತೀಯಾ, ಇಲ್ಲ ಅಲ್ಲೂ ಎಲ್ಲರದೂ ಆದ ಮೇಲೆ ತಳ ಕೆರೆದುಕೊಳ್ಳುತ್ತೀಯಾ?

ಆ ದಿನ ಇಟ್ಟಿಗೆ ಗೂಡಿಗೆ ನಿನಗೆ ಊಟ ತಂದಿದ್ದೆ. ನೀನು ಅಚ್ಚು ಹಾಕುತ್ತಲೇ ಪಕ್ಕದ ಶಾಮಲಮ್ಮನಿಗೆ, “ಬೆಳಿಗ್ಗೆಯಿಂದ ಒಂದ್ ತೊಟ್ಟು ನೀರು ಕುಡಿದಿಲ್ಲ ಕಣೇ. ಕುಡಿದ್ರೆ ಎಲ್ಲಿಗೆ ಹೋಗಾದು? ಕತ್ಲಾಗೋವರ್ಗೂ ಬಿಗಿಹಿಡ್ಕಂಡಿರ್ಬೇಕು. ಓನರ್‌ನೂ ಒಂದಿನ ಹಿಂಗಿರಿಸ್ಬೇಕು” ಎಂದೆ. ಅವಳು ನಕ್ಕು, “ಅರ್ಧ ಗಂಟೆ ತಡೀಯಲ್ಲ ಬಿಡಕ್ಕ ಅವ್ನು” ಎಂದಳು. ನನ್ನ ಜೇಬಿನಲ್ಲಿ ಫೋನ್ ಎಲ್ಲವನ್ನೂ ಹಿಡಿಯುತ್ತಿತ್ತು.

ನಾನು ಹೋಗುತ್ತಿದ್ದ ಸಮುದಾಯ ರೇಡಿಯೊದಲ್ಲಿ ಒಂದು ನಿಯಮವಿದೆ. ಯಾರ ಮಾತನ್ನಾದರೂ ಮೊದಲು ಅವರಿಗೇ ಕೇಳಿಸಬೇಕು. ಅವರು ‘ಹೂಂ’ ಅಂದ ಮೇಲೆಯೇ ಪ್ರಸಾರ. ಕಾರ್ಯಕ್ರಮ ನೋಡಿಕೊಳ್ಳುವ ಚೈತನ್ಯ ಮೇಡಂ, “ಕೇಳಿಸಿದ್ಯಾ?” ಎಂದರು. ನಾನೇ ‘ಹೂಂ’ ಅಂದೆ. ನೀನು ಬೇಡ ಅನ್ನುತ್ತೀಯೆಂದು ಗೊತ್ತಿತ್ತು. ಹೆಸರು ತೆಗೆದೆವು, ದನಿ ಬದಲಿಸಿದೆವು. ಅಚ್ಚಿನ ಸದ್ದನ್ನು ಮಾತ್ರ ಹಾಗೇ ಬಿಟ್ಟೆ. ಅದಿಲ್ಲದಿದ್ದರೆ ಮಾತು ಸುಳ್ಳಾಗುತ್ತದೆ ಅನ್ನಿಸಿತು. ಎರಡು ಸಲ ಮೆಲ್ಲಗೆ ತಟ್ಟಿ, ತಡೆದು, ಒಂದು ಸಲ ಜೋರಾಗಿ ಅಚ್ಚು ಕುಟ್ಟುವವಳು ಇಲ್ಲಿ ನೀನೊಬ್ಬಳೇ. ರೇಡಿಯೊ ಕೇಳಿದ ಗೂಡಿನ ಮೇಸ್ತ್ರಿಗೆ ಹೆಸರು ಬೇಕಾಗಲಿಲ್ಲ. “ಮುನಿಯಲ್ಲಮ್ಮ, ನಾಳೆಯಿಂದ ಬರ್ಬೇಡ” ಎಂದುಬಿಟ್ಟ.

ಪಕ್ಕದಲ್ಲಿದ್ದವಳೇ ಮಾಡಿದ್ದೆಂದುಕೊಂಡು ನೀನು ಶಾಮಲಮ್ಮನ ಮುಖವನ್ನೂ ನೋಡದೆ ಊರು ಬಿಟ್ಟೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ಹತ್ತನೇ ಕ್ಲಾಸು ಬಿಟ್ಟು ಬಂದ ದಿನವೂ ಮುಚ್ಚಿಡದೆ ಹೇಳಿದ ಮಗ ಎಂಬ ನಂಬಿಕೆ ನಿನಗೆ. ನಾಲ್ಕು ತಿಂಗಳಾಯಿತು. ಮುದ್ದೆಗೆ ಈಗಲೂ ಇಬ್ಬರ ಅಳತೆಯ ನೀರಿಟ್ಟು, ಆಮೇಲೆ ಅರ್ಧ ಚೆಲ್ಲುತ್ತೇನೆ. ಗೂಡಿನ ಕಡೆ ಹೋದರೆ ಹತ್ತು ಅಚ್ಚುಗಳ ಸದ್ದಿದೆ, ನಿನ್ನದಿಲ್ಲ. ಕಾರ್ಯಕ್ರಮ ಕೇಳಿ ಅಧಿಕಾರಿಗಳು ಬಂದುಹೋದ ಮೇಲೆ ಅಲ್ಲಿ ತಗಡಿನ ಶೌಚಾಲಯ ಎದ್ದಿದೆ. ಹೆಂಗಸರು ನೀರು ಕುಡಿಯುತ್ತಾರೆ. ಒಳ್ಳೆಯದಾಯಿತು, ನಿಜ. ನೀನು ‘ಹೂಂ’ ಅಂದಿರಲಿಲ್ಲ, ಅದೂ ನಿಜ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅರ್ಧಕ್ಕೇ “ಹೋಗ್ಲಿ ಬಿಡ್ಲಾ” ಅಂದುಬಿಡುತ್ತೀಯ. ಅದಕ್ಕೇ ಇವತ್ತು ಸಂಜೆ ಆ ಕಡೆ ಬರುವ ಮುನಿಶಾಮಿಯ ಟೆಂಪೊದಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಮಾವನ ಮಗಳು ಚಂದನಳಿಂದ ಓದಿಸಿಕೊ, ಮಧ್ಯೆ ನಿಲ್ಲಿಸಬೇಡ. ಮಾವನಿಗೆ ನಮಸ್ಕಾರ ಹೇಳು. ಮೊಣಕಾಲಿಗೆ ಬಿಸಿನೀರು ಹಾಕಿಕೊ.

ನಿನ್ನ ಮಗ,
ಭೀಮರಾಜ್

ಇನ್ನೊಂದು: ನಿನ್ನೆ ಮೇಡಂಗೂ ಶಾಮಲಮ್ಮನಿಗೂ ಎಲ್ಲ ಹೇಳಿದೆ. ಇನ್ನು ಸ್ಟುಡಿಯೊ ಕಡೆ ಬರಬೇಡ ಎಂದರು ಮೇಡಂ. ಶಾಮಲಮ್ಮ, “ನಿಮ್ಮಮ್ಮ ಇರೋ ಕಡೆ ನನ್ನ ಕರ್ಕೊಂಡ್ ಹೋಗೋ, ಅವ್ಳತ್ರ ಜಗಳ ಆಡಾದ್ ಐತೆ” ಎಂದಳು. ರೆಕಾರ್ಡಿಂಗ್ ನನ್ನ ಫೋನಿನಲ್ಲಿದೆ. ಮೊದಲೇ ಕೇಳಿಸಬೇಕಿತ್ತು, ಈಗ ಕೇಳಿಸುತ್ತೇನೆ. ನೀನು ಬೇಡ ಅಂದರೆ ಮತ್ತೆಂದೂ ಪ್ರಸಾರವಾಗುವುದಿಲ್ಲ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ.