ಮರ್ಡೊನ ಚಿಕ್ಕ ಕಲ್ಲು

ಕೇಪ್ ಬ್ರೆಟನ್, ಕೆನಡಾ
ಅಕ್ಟೋಬರ್ 1961

ಸ್ಕಾಟ್ಲೆಂಡಿನ ಹ್ಯಾರಿಸ್ ದ್ವೀಪದಲ್ಲಿ ಚರ್ಚಿನ ಸ್ಮಶಾನ ನೋಡಿಕೊಳ್ಳುವ ಮಾನ್ಯ ಟಾರ್ಕ್ವಿಲ್ ಅವರಿಗೆ,

ನಮ್ಮ ಮುತ್ತಜ್ಜನ ಊರು ಹುಡುಕಿಕೊಟ್ಟಿರಿ, ಉಪಕಾರವಾಯಿತು. ನೀವು ಕಳಿಸಿದ ಫೋಟೊದಲ್ಲಿ ಸಮಾಧಿಯ ಕಲ್ಲಿನ ಮೇಲೆ ಮರ್ಡೊ ಎಂಬ ಅವರ ಹೆಸರಿದೆ, ಅವರ ತಂದೆತಾಯಿಯ ಹೆಸರೂ ಇದೆ. ಆದರೆ ಮೂರನೇ ವರ್ಷಕ್ಕೇ ತೀರಿಕೊಂಡ ಎಂದಿದೆ. ಹಾಗಾದರೆ ಹಡಗು ಹತ್ತಿ ಬಂದು ಇಲ್ಲಿ ಕಾಡು ಕಡಿದವರು ಯಾರು?

ಅಪ್ಪನಿಗೆ ಓದಿ ಹೇಳಿದರೆ ನಕ್ಕರು. "ಅಯ್ಯೋ ಪೆದ್ದಿ, ಹೋದ ಮಗುವಿನ ಹೆಸರನ್ನ ಆಮೇಲೆ ಹುಟ್ಟಿದ ಮಗುಗೆ ಇಡೋದಲ್ವೇನೆ? ಅದು ಮನೆ ಹಿರೀಕರ ಹೆಸರು. ಮಣ್ಣಲ್ಲಿ ಬಿಟ್ಟುಬಿಡೋಕಾಗುತ್ತಾ?"

ಆಮೇಲೆ ಅವರ ನಗು ನಿಂತಿತು. "ನಮ್ಮಜ್ಜನ್ನ ಹೆಸರು ಹಿಡಿದು ಕರೆದ್ರೆ ಸ್ವಲ್ಪ ತಡೆದೇ ಓ ಅನ್ನೋರು. ಕಿವುಡು ಅಂತ ನಾವೆಲ್ಲ ಗೇಲಿ ಮಾಡ್ತಿದ್ವಿ. ಅಣ್ಣ ಮೊದಲು ಓ ಅನ್ಲಿ ಅಂತ ಕಾಯ್ತಿದ್ರೋ ಏನೋ" ಎಂದರು.

ಕಲ್ಲಿಗೆ ಪಾಚಿ ಹಿಡಿದಿದೆ. ದಯವಿಟ್ಟು ಉಜ್ಜಿ ತೊಳೆಸಿ. ಅಪ್ಪನದು ಇನ್ನೊಂದು ಕೋರಿಕೆಯಿದೆ, ಬರೆಯಲು ಸಂಕೋಚ. ತೊಳೆದ ಮೇಲೆ ಆ ಮಗುವನ್ನು ಒಮ್ಮೆ ಹೆಸರು ಹಿಡಿದು ಕರೆಯಬೇಕಂತೆ. ಕರೆದವರು ತಕ್ಷಣ ಹೊರಟುಬಿಡಬಾರದಂತೆ, ಸ್ವಲ್ಪ ತಡೆಯಬೇಕಂತೆ.

ಇಂತಿ, ಮರ್ಡೊ ಅವರ ಮರಿಮಗಳು
ಎಫಿ ಮೆಕಾಸ್ಕಿಲ್