ಲೋಡರಿಗೆ ವಿಂಚ್ ಕೂರಿಸಿದ್ದು

ಮನೆಯ ಹಿಂದಿನ ಶೆಡ್ಡು,
ಮಾರ್ಚ್ ೧೨, ಗುರುವಾರ, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಅತ್ತಿಗೆಯ ಗಂಟಲು ಸರಿಹೋಯಿತೇ? ಅಷ್ಟೊಂದು ಮಕ್ಕಳ ತರಗತಿಯಲ್ಲಿ ದಿನವಿಡೀ ಕೂಗಿದರೆ ಯಾರ ಗಂಟಲು ತಾನೇ ಉಳಿಯುತ್ತದೆ! ಬಿಸಿನೀರು ಕುಡಿದು ಎರಡು ದಿನ ಬಾಯಿ ಮುಚ್ಚಿಕೊಂಡಿರಲಿ, ಆ ಎರಡು ದಿನ ನಿನಗೂ ಸ್ವಲ್ಪ ನೆಮ್ಮದಿ. (ಈ ಸಾಲನ್ನು ಅವಳಿಗೆ ಓದಿ ಹೇಳಬೇಡ.) ನಿನ್ನ ಕೈ ಹೇಗಿದೆ? ಬೆಳಗಿನ ಚಳಿಗೆ ಈಗಲೂ ಜುಮ್ಮೆನ್ನುತ್ತದೆಯೇ? ಫೋನಿನಲ್ಲಿ ಕೇಳಿದಾಗಲೆಲ್ಲ "ಏನಿಲ್ಲ ಬಿಡೇ, ಚೆನ್ನಾಗಿದೆ" ಎಂದು ಮಾತು ತಿರುಗಿಸಿ, ನಿನ್ನ ನರ್ಸರಿಯ ಗುಲಾಬಿ ಗಿಡಕ್ಕೆ ಹುಳ ಬಿದ್ದ ಕಥೆ ಶುರುಮಾಡುತ್ತೀಯ. ಹತ್ತು ವರ್ಷ ಮರ ಕಡಿದವನು ಈಗ ಗಿಡದ ಹುಳಕ್ಕೆ ಕಣ್ಣೀರು ಹಾಕುತ್ತೀಯಲ್ಲ ಎಂದು ಅಮ್ಮ ನಗುತ್ತಾಳೆ. ಅದಕ್ಕೇ ಈ ಸಲ ಕಾಗದ. ಓದುವಾಗ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ. ಅಮ್ಮನಿಗೆ ಮಂಡಿ ನೋವು ಬಿಟ್ಟರೆ ಬೇರೇನೂ ತೊಂದರೆಯಿಲ್ಲ. ದನಿಯಂತೂ ಮೊದಲಿನ ಹಾಗೇ ಗಟ್ಟಿಯಾಗಿದೆ, ಅದು ನಿನಗೇ ಗೊತ್ತು.

ಇನ್ನು ಸುದ್ದಿಗೆ ಬರುತ್ತೇನೆ. ನಮ್ಮ ಕುಳ್ಳನಿಗೆ ವಿಂಚ್ ಕೂರಿಸಿದ್ದೇನೆ. ಹೌದು, ನೀನೇ ಹೆಸರಿಟ್ಟ ಕುಳ್ಳ, ನಮ್ಮ ಪುಟ್ಟ ಲೋಡರ್. ಹಿತ್ತಿಲ ಗೇಟಿನಲ್ಲಿ ನುಸುಳುವಷ್ಟು ಸಣ್ಣದಾದರೂ, ಇಳಿಜಾರು ಕಂಡರೆ ಹೆದರಿ ನಿಲ್ಲುವ ಪುಕ್ಕಲು. ಈಗ ಅದರ ಮೂತಿಯ ಕೆಳಗೆ ಒಂದು ಉರುಳೆ, ಉರುಳೆಗೆ ಸುತ್ತಿದ ಮೂವತ್ತು ಮೀಟರ್ ಹಗ್ಗ, ಹಗ್ಗದ ತುದಿಗೆ ಕೊಕ್ಕೆ. ಬ್ಯಾಟರಿಯಿಂದ ಓಡುತ್ತದೆ. ಗುಂಡಿ ಒತ್ತಿದರೆ ಹಗ್ಗ ಸುತ್ತಿಕೊಳ್ಳುತ್ತ ಬರುತ್ತದೆ, ಹಗ್ಗದ ಹಿಂದೆ ದಿಮ್ಮಿ ಬರುತ್ತದೆ, ಲೋಡರ್ ನಿಂತಲ್ಲೇ ನಿಂತಿರುತ್ತದೆ. ಉಕ್ಕಿನ ತಂತಿ ಬೇಡವೆಂದು ಸಿಂಥೆಟಿಕ್ ಹಗ್ಗವನ್ನೇ ಹಾಕಿಸಿದೆ. ಅದು ಕಿತ್ತುಹೋದರೂ ತಂತಿಯಷ್ಟು ಜೋರಾಗಿ ತಿರುಗಿ ಹೊಡೆಯುವುದಿಲ್ಲವಂತೆ. ಆದರೂ ಎಳೆಯುವಾಗ ಅದರ ಮೇಲೊಂದು ಒದ್ದೆ ಗೋಣಿ ಹೊದಿಸುತ್ತೇನೆ, ನೀನು ಹೇಳಿಕೊಟ್ಟ ಹಾಗೆ.

ಎಲ್ಲ ಒಂದೇ ಸಲಕ್ಕೆ ಸರಿಹೋಯಿತು ಎಂದುಕೊಳ್ಳಬೇಡ. ಮೊದಲು ನನ್ನ ಬುದ್ಧಿ ಖರ್ಚುಮಾಡಿ ವಿಂಚನ್ನು ಲೋಡರಿನ ಎತ್ತುವ ತೋಳಿನ ಮೇಲೆ ಕೂರಿಸಿದ್ದೆ. ಹಗ್ಗ ಎತ್ತರದಿಂದ ಹೋದರೆ ದಿಮ್ಮಿಯ ಮೂತಿ ಮೇಲೆದ್ದು, ನೆಲಕ್ಕೆ ಸಿಕ್ಕಿಕೊಳ್ಳದೆ ಬರುತ್ತದೆ ಎನ್ನುವ ಲೆಕ್ಕಾಚಾರ. ಶೆಡ್ಡಿನ ಹಿಂದೆ ಬಿದ್ದಿರುವ ಹಳೆಯ ದಿಮ್ಮಿಗೆ ಕಟ್ಟಿ ಗುಂಡಿ ಒತ್ತಿದೆ. ದಿಮ್ಮಿ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎದ್ದದ್ದು ಕುಳ್ಳನ ಹಿಂದಿನ ಚಕ್ರ! ವೆಲ್ಡಿಂಗ್ ಚಿಕ್ಕಪ್ಪ ಆಗ ತಾನೇ ಒಳಗೆ ಬಂದವರು, ಸೊಂಟದ ಮೇಲೆ ಕೈಯಿಟ್ಟು ನಿಂತು, "ಏನೇ ಗುಬ್ಬಿ, ಮರ ಎಳೀತಿದ್ದೀಯೋ, ಲೋಡರಿಗೆ ನಮಸ್ಕಾರ ಮಾಡೋದು ಕಲಿಸ್ತಿದ್ದೀಯೋ?" ಎಂದರು. ಅವರೇ ಮಾರನೆಯ ದಿನ ದಪ್ಪ ಉಕ್ಕಿನ ಹಲಗೆಯೊಂದನ್ನು ಕತ್ತರಿಸಿ, ಮುಂದಿನ ಚೌಕಟ್ಟಿನ ತೀರಾ ಕೆಳಗೆ, ನೆಲದಿಂದ ಒಂದು ಗೇಣಿನ ಎತ್ತರಕ್ಕೆ ಬೋಲ್ಟ್ ಹಾಕಿ ಬಿಗಿದುಕೊಟ್ಟರು. ಎರಡನೆಯ ಸಲ ಚಕ್ರ ಏಳಲಿಲ್ಲ. ಆದರೆ ದಿಮ್ಮಿ ಲೋಡರಿನ ಹತ್ತಿರ ಬರುವ ಬದಲು ಲೋಡರೇ ಸದ್ದಿಲ್ಲದೆ ಜಾರುತ್ತ ದಿಮ್ಮಿಯ ಹತ್ತಿರ ಹೋಗಿ ನಿಂತಿತು. ಚಿಕ್ಕಪ್ಪ ನಕ್ಕು ನಕ್ಕು ಅಲ್ಲೇ ಕುಸಿದು ಕುಳಿತರು. ಆಮೇಲೆ ದಾರಿ ಸಿಕ್ಕಿತು: ಲೋಡರಿನ ಮುಂದಿನ ಬಕೆಟ್ಟಿನಲ್ಲಿ ಹಗ್ಗ ಹಾಯಲು ಕಂಡಿ ಕೊರೆಸಿ, ಅದರ ಅಂಚನ್ನು ನೆಲಕ್ಕೆ ಊರಬೇಕು, ಮುಂದಿನ ಚಕ್ರಗಳು ಉರುಳದಂತೆ ಅಡ್ಡಲಾಗಿ ಮರದ ಗುಟ್ಟ ಕೊಡಬೇಕು, ತೀರಾ ಭಾರವಿದ್ದರೆ ದಿಮ್ಮಿಗೆ ಒಂದು ರಾಟೆ ಕಟ್ಟಿ, ಹಗ್ಗವನ್ನು ಅದರೊಳಗಿಂದ ತಿರುಗಿಸಿ ತಂದು ಲೋಡರಿಗೇ ಬಿಗಿಯಬೇಕು. ಹಾಗೆ ಮಾಡಿದರೆ ದಿಮ್ಮಿ ನಿಧಾನವಾಗಿ ಬರುತ್ತದೆ, ಆದರೆ ಬಂದೇ ಬರುತ್ತದೆ.

ಚಿಕ್ಕಪ್ಪ ಒಂದು ವಿಷಯಕ್ಕೆ ಮಾತ್ರ ನನ್ನ ಮೇಲೆ ಮುಖ ಊದಿಸಿಕೊಂಡರು. ಸೀಟಿನ ಪಕ್ಕದಲ್ಲೊಂದು ಸ್ವಿಚ್ ಇಟ್ಟುಕೊಡಲು ಅವರು ತಯಾರಿದ್ದರು. ನಾನು ಬೇಡವೇ ಬೇಡ, ಕೈಯಲ್ಲಿ ಹಿಡಿದು ಓಡಾಡುವ ರಿಮೋಟ್ ಆಗಬೇಕು, ಸೀಟಿನಲ್ಲಿ ಒಂದು ಗುಂಡಿಯೂ ಇರಕೂಡದು ಎಂದು ಹಟ ಹಿಡಿದೆ. "ರಿಮೋಟ್ ಯಾಕೆ ನಿಂಗೆ? ಟೀವಿ ನೋಡ್ತೀಯಾ?" ಎಂದರು. ಅವರಿಗೆ ಕಾರಣ ಹೇಳಲಿಲ್ಲ. ನಿನಗೆ ಹೇಳುತ್ತೇನೆ, ನೀನು ಬೇಡವೆಂದರೂ ಹೇಳುತ್ತೇನೆ. ಎಳೆಯುವ ಗುಂಡಿ ಕಟ್ಟುವವರ ಕೈಯಲ್ಲೇ ಇರಬೇಕು. ಕಟ್ಟುವವರು ಒಬ್ಬರು, ಎಳೆಯುವವರು ಇನ್ನೊಬ್ಬರು ಎಂದು ಇರಲೇಬಾರದು.

ಎರಡು ವರ್ಷವಾಯಿತು. ಆ ಮೂಲೆಮನೆಯ ಹಿತ್ತಿಲು, ಮೋಡ ಕವಿದ ಮಧ್ಯಾಹ್ನ, ನೀನು ದಿಮ್ಮಿಯ ಹಿಂದೆ ಬಗ್ಗಿ ಸರಪಳಿ ಸಿಕ್ಕಿಸುತ್ತಿದ್ದೆ, ನಾನು ಸೀಟಿನಲ್ಲಿದ್ದೆ. ನಮ್ಮಿಬ್ಬರ ನಡುವೆ ಒಂದೇ ಒಂದು ಕಟ್ಟುಪಾಡು ಇತ್ತು: ಕಟ್ಟಿ ಮುಗಿಸಿದವನು ದೂರ ಸರಿದು "ಆಚೆ ಬಂದೆ!" ಎಂದು ಕೂಗಬೇಕು. ಸೀಟಿನಲ್ಲಿರುವವಳು "ಎಳೀತೀನಿ!" ಎಂದು ಉತ್ತರ ಕೊಟ್ಟು ಆಮೇಲೆ ಎಳೆಯಬೇಕು. ಅಪ್ಪ ಇದ್ದಾಗಿನಿಂದ ನಡೆದು ಬಂದದ್ದು. ಅವತ್ತು ನೀನು ಕೂಗಿರಲಿಲ್ಲ. ಮಳೆ ಬರುವ ಮೊದಲು ಮುಗಿಸಬೇಕೆಂಬ ಆತುರ ನನಗೆ. ಇಷ್ಟು ಹೊತ್ತಿಗೆ ಆಗಿರುತ್ತದೆ ಎಂದುಕೊಂಡು ಲೋಡರ್ ಮುಂದಕ್ಕೆ ಬಿಟ್ಟೆ. ಆಮೇಲೆ ಕೇಳಿದ ನಿನ್ನ ದನಿ ಬೇರೆ.

ಅಮ್ಮ ಆಸ್ಪತ್ರೆಗೆ ಬಂದಾಗ ನಾನು ನಿನ್ನ ಹಾಸಿಗೆಯ ಪಕ್ಕ ಗೋಡೆಗೆ ಮುಖ ಮಾಡಿ ನಿಂತಿದ್ದೆ. ಎಡಗೈಯ ಎರಡು ಬೆರಳು ಕಳೆದುಕೊಂಡ ನೀನೇ ಹಾಸಿಗೆಯ ಮೇಲಿಂದ ಹೇಳಿದೆ: "ನಾನು ಕೂಗಿದ್ದೆ ಅಮ್ಮಾ. ಇವಳು ಎಳೆದಳು. ಸರಪಳಿ ಸರಿ ಕೂತಿಲ್ಲ ಅನ್ನಿಸ್ತು, ಮತ್ತೆ ಕೈ ಹಾಕಿಬಿಟ್ಟೆ." ಅಷ್ಟು ಚೆನ್ನಾಗಿ ಸುಳ್ಳು ಹೇಳಲು ನಿನಗೆ ಯಾರು ಕಲಿಸಿದರೋ! ಚಿಕ್ಕಂದಿನಲ್ಲಿ ಒಂದು ಪೆನ್ಸಿಲ್ ಕದ್ದರೂ ಕಿವಿ ಕೆಂಪಗೆ ಮಾಡಿಕೊಂಡು ಸಿಕ್ಕಿಬೀಳುತ್ತಿದ್ದವನು. ಅಂದಿನಿಂದ ಅಮ್ಮನ ಬಾಯಲ್ಲಿ ನೀನು ಅವಸರಗೇಡಿ. ಫೋನ್ ಮಾಡಿದಾಗಲೆಲ್ಲ, "ರಸ್ತೆ ದಾಟುವಾಗಾದ್ರೂ ನೋಡ್ಕೊಂಡು ದಾಟು, ಅವಸರಗೇಡಿ" ಎನ್ನುತ್ತಾಳೆ. ನೀನು "ಹೂಂ ಅಮ್ಮ" ಎನ್ನುತ್ತೀಯ. ನಾನು ಪಕ್ಕದಲ್ಲೇ ಕುಳಿತು ಕೇಳಿಸಿಕೊಳ್ಳುತ್ತೇನೆ. ನೀನು ಯಾಕೆ ಹಾಗೆ ಹೇಳಿದೆಯೆಂದು ನನಗೆ ಗೊತ್ತು. ನಿಜ ತಿಳಿದಿದ್ದರೆ ಅಮ್ಮ ನನ್ನನ್ನು ಮತ್ತೆ ಲೋಡರ್ ಹತ್ತಲು ಬಿಡುತ್ತಿರಲಿಲ್ಲ. ಬಿಡದಿದ್ದರೆ ನಾನು ಏನಾಗುತ್ತಿದ್ದೆ ಎನ್ನುವುದೂ ನಿನಗೆ ಗೊತ್ತಿತ್ತು.

ಇಷ್ಟೆಲ್ಲ ಈಗ ಯಾಕೆ ಕೆದಕುತ್ತಿದ್ದೇನೆ ಎಂದರೆ, ಮೊನ್ನೆ ಮಂಗಳವಾರ ವಿಂಚಿನ ಮೊದಲ ನಿಜವಾದ ಕೆಲಸ ಮಾಡಿದೆ. ನಿನ್ನ ಹಳೆಯ ಹೆಡ್‌ಮಿಸ್ಸು, ಕೈಯಲ್ಲಿ ಸದಾ ಸ್ಕೇಲ್ ಹಿಡಿದಿರುತ್ತಿದ್ದರಲ್ಲ, ಅವರ ಮನೆ. ಈಗ ಸ್ಕೇಲಿನ ಬದಲು ಊರುಗೋಲು. ಹಿತ್ತಿಲ ಕೊನೆಯಲ್ಲಿ ಕಡಿದಾದ ಇಳಿಜಾರು, ಅದರ ಬುಡದ ಚರಂಡಿಗೆ ಅಡ್ಡವಾಗಿ ಗಾಳಿಗೆ ಬಿದ್ದ ಮರ. ನೀರು ಕಟ್ಟಿಕೊಂಡು ಅವರ ಅಡುಗೆಮನೆಯ ಗೋಡೆಗೆ ತೇವ ಏರುತ್ತಿತ್ತು. ಮೂರು ಜನ ಬಂದು ನೋಡಿ, ಯಂತ್ರ ಇಳಿಯುವುದಿಲ್ಲ ಎಂದು ಕೈ ಚೆಲ್ಲಿ ಹೋಗಿದ್ದರಂತೆ. ನಾನು ಕುಳ್ಳನನ್ನು ಮೇಲಿನ ಸಮತಟ್ಟಿನಲ್ಲೇ ನಿಲ್ಲಿಸಿ, ಬಕೆಟ್ ಊರಿ, ಗುಟ್ಟ ಕೊಟ್ಟು, ಕೊಂಬೆ ಸವರಿ, ಮರವನ್ನು ಐದು ತುಂಡು ಮಾಡಿದೆ. ಮೊದಲ ತುಂಡಿಗೆ ಪಟ್ಟಿ ಸುತ್ತಿ ಕೊಕ್ಕೆ ಹಾಕಿದೆ. ಇಳಿಜಾರು ಹತ್ತಿ, ಹಗ್ಗದ ದಾರಿಯಿಂದ ಬಹಳ ದೂರ ಪಕ್ಕಕ್ಕೆ ಸರಿದು ನಿಂತು, "ಆಚೆ ಬಂದೆ!" ಎಂದು ಕೂಗಿದೆ.

ಕೂಗಿ, ಕಾಯುತ್ತ ನಿಂತೆ ಅಣ್ಣಾ. ರಿಮೋಟ್ ನನ್ನ ಕೈಯಲ್ಲೇ ಇದೆ. ಸೀಟು ಖಾಲಿ. ಆದರೂ "ಎಳೀತೀನಿ" ಎನ್ನುವ ಉತ್ತರಕ್ಕಾಗಿ ಪೆದ್ದಿಯ ಹಾಗೆ ಖಾಲಿ ಸೀಟನ್ನು ನೋಡುತ್ತ ನಿಂತಿದ್ದೇನೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕಿಟಕಿಯಿಂದ ಹೆಡ್‌ಮಿಸ್ಸು, "ಯಾರನ್ನ ಕಾಯ್ತಿದ್ದೀಯಮ್ಮ?" ಎಂದರು. ನನಗೆ ಅಳು ಉಕ್ಕಿ ಬಂತು. ಅವತ್ತು ಬೇಕಾಗಿದ್ದ ತಾಳ್ಮೆ ಇವತ್ತು, ಯಾರೂ ಇಲ್ಲದ ಕಡೆ ಬಂದು ನಿಂತಿದೆ. ಕಣ್ಣೊರೆಸಿಕೊಂಡು ನಾನೇ "ಎಳೀತೀನಿ!" ಎಂದು ಉತ್ತರ ಕೊಟ್ಟು ಗುಂಡಿ ಒತ್ತಿದೆ. ಐದೂ ತುಂಡಿಗೆ ಹಾಗೇ, ಕೂಗುವವಳೂ ನಾನೇ, ಉತ್ತರ ಕೊಡುವವಳೂ ನಾನೇ. ಸಂಜೆಯೊಳಗೆ ಚರಂಡಿಯ ನೀರು ಸರಾಗವಾಗಿ ಹರಿಯಿತು. ಹೆಡ್‌ಮಿಸ್ಸು ನನಗೆ ಚಹಾ ಕೊಟ್ಟು, "ನಿನ್ನ ಅಣ್ಣ ಗಣಿತದಲ್ಲಿ ದಡ್ಡ, ಆದ್ರೆ ಕೆಲಸ ಚೆನ್ನಾಗಿ ಕಲಿಸಿದ್ದಾನೆ" ಎಂದರು. ಹೊಗಳಿಕೆಯಲ್ಲಿ ನಿನ್ನ ಪಾಲನ್ನು ಹಾಗೇ ತಲುಪಿಸಿದ್ದೇನೆ, ಬೈಗುಳದ ಸಮೇತ.

ಹೌದು, ಕಲಿಸಿದವನು ನೀನೇ. ಹಗ್ಗಕ್ಕೆ ಬೆನ್ನು ಹಾಕಬಾರದು, ಎಳೆತದ ಸಾಲಿನಲ್ಲಿ ನಿಲ್ಲಬಾರದು, ಅನುಮಾನ ಬಂದರೆ ಬಿಚ್ಚಿ ಮತ್ತೆ ಕಟ್ಟಬೇಕು, ಎಲ್ಲ ನಿನ್ನವೇ ಮಾತುಗಳು. ಆಸ್ಪತ್ರೆಯಿಂದ ಬಂದ ಮೂರನೆಯ ದಿನ, ನಾನು ಮೂಲೆ ಹಿಡಿದು ಕುಳಿತಿದ್ದಾಗ, ಬಲಗೈಯಲ್ಲಿ ಲೋಡರಿನ ಕೀಲಿ ತಂದು ನನ್ನ ಮಡಿಲಿಗೆ ಹಾಕಿದೆಯಲ್ಲ, "ನಾಳೆ ಕೆಲಸಕ್ಕೆ ಹೋಗು. ನಾಳೆ ಹೋಗದಿದ್ರೆ ನೀನು ಇನ್ಯಾವತ್ತೂ ಹೋಗಲ್ಲ" ಎಂದು, ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಹಗ್ಗ ಹಿಡಿಯಲಾಗದೆ ನೀನು ಅತ್ತಿಗೆಯ ಊರಿಗೆ ಹೋಗಿ ನರ್ಸರಿ ಸೇರಿದೆ. ಮರದ ಕೆಲಸ ನನಗೆ ಉಳಿಯಿತು. ಇದಕ್ಕೆ ಥ್ಯಾಂಕ್ಸ್ ಎನ್ನುವುದು ತೀರಾ ಸಣ್ಣ ಮಾತು, ಬೇರೆ ಮಾತು ಸಿಗುತ್ತಿಲ್ಲ, ಅದಕ್ಕೆ ಅದನ್ನೇ ಬರೆಯುತ್ತೇನೆ. ಥ್ಯಾಂಕ್ಸ್ ಅಣ್ಣಾ. ನನ್ನ ತಪ್ಪನ್ನು ನಿನ್ನ ತಲೆಯ ಮೇಲೆ ಹೊತ್ತುಕೊಂಡಿದ್ದಕ್ಕೆ, ಒಂದು ದಿನವೂ ಅದನ್ನು ಎತ್ತಿ ಆಡದಿದ್ದಕ್ಕೆ. ಅಮ್ಮನಿಗೆ ನಿಜ ಹೇಳುವ ಧೈರ್ಯ ಮಾತ್ರ ನನಗೆ ಇನ್ನೂ ಬಂದಿಲ್ಲ. ಹೇಳಿದರೆ ಲೋಡರಿನ ಕೀಲಿ ಅವಳ ಸೊಂಟಕ್ಕೆ ಹೋಗುತ್ತದೆಂಬ ಹೆದರಿಕೆ ಇವತ್ತಿಗೂ ಇದೆ. ಹೇಳದಿದ್ದರೆ ಅವಳ ಬೈಗುಳ ನೀನು ತಿನ್ನುತ್ತಲೇ ಇರಬೇಕು. ಇದೊಂದು ನನ್ನಿಂದ ಸಹಿಸಲಾಗುತ್ತಿಲ್ಲ.

ಅತ್ತಿಗೆಗೆ ನನ್ನ ನಮಸ್ಕಾರ ಮತ್ತು ಬಿಸಿನೀರು. ಚಿಕ್ಕಪ್ಪ ನಿನ್ನನ್ನು ಕೇಳಿದೆ ಎಂದು ಬರೆಯಲು ಹೇಳಿದ್ದಾರೆ, ಜೊತೆಗೆ ವಿಂಚ್ ಕೂರಿಸಿದ್ದು ತಾವೇ ಹೊರತು ಗುಬ್ಬಿಯಲ್ಲ ಎಂದೂ ಬರೆಯಬೇಕಂತೆ. ಬರೆದಿದ್ದೇನೆ. ಆರೋಗ್ಯ ನೋಡಿಕೋ, ಬಿಸಿಲಲ್ಲಿ ಬರಿತಲೆಯಲ್ಲಿ ಓಡಾಡಬೇಡ.

ಯಾವತ್ತೂ ನಿನ್ನ,
ಗುಬ್ಬಿ

ತಾ.ಕ.: ಶುಕ್ರವಾರ ಬೆಳಿಗ್ಗೆ, ಬಸ್ ನಿಲ್ದಾಣದ ಬೆಂಚಿನ ಮೇಲೆ ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ನಿನ್ನೆ ಕಾಗದ ಮಡಚುತ್ತಿದ್ದಾಗ ಅಮ್ಮ ಬಂದು, "ಅಷ್ಟುದ್ದ ಏನೇ ಬರೆದೆ ಅವನಿಗೆ? ಓದು, ಕೇಳ್ತೀನಿ" ಎಂದಳು. ನಡುವಿನ ಹಾಳೆ ಬಿಟ್ಟು ಓದಿಬಿಡಬಹುದಿತ್ತು. ಬಿಡಲಿಲ್ಲ. ಪೂರ್ತಿ ಓದಿದೆ. ಆಸ್ಪತ್ರೆಯ ಸಾಲು ಬಂದಾಗ ಕನ್ನಡಕ ತೆಗೆದಳು. ಮುಗಿದ ಮೇಲೆ, "ಎರಡು ವರ್ಷ ಬೈದ್ನಲ್ಲೇ ಅವನನ್ನ. ಕೋಪಕ್ಕೆ ಆ ಕೈ ಒಂದು ಸಲಾನೂ ಹಿಡಿದು ನೋಡಲಿಲ್ಲವಲ್ಲೇ" ಎಂದಳು. ನನಗೆ ಬೈಯಲಿಲ್ಲ. ಕೀಲಿಯ ಮಾತೂ ಎತ್ತಲಿಲ್ಲ. ಈಗ ಬಸ್ ಹತ್ತುವ ಮೊದಲು ಒಂದೇ ಮಾತು ಹೇಳಿದಳು: "ಆ ರಿಮೋಟಿಗೆ ಹೊಸ ಸೆಲ್ ತಂದಿಟ್ಕೊ, ಅರ್ಧದಲ್ಲಿ ನಿಂತುಹೋದೀತು." ಅಂಚೆ ಬೇಡ, ತಾನೇ ತಲುಪಿಸುತ್ತೇನೆ ಎಂದು ಈ ಕಾಗದವನ್ನು ಅವಳೇ ತರುತ್ತಿದ್ದಾಳೆ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಅಣ್ಣಾ, ನೀನು ಈ ಸಾಲು ಓದುವಾಗ ಅವಳು ನಿನ್ನ ಎದುರಿಗೇ ಕುಳಿತಿರುತ್ತಾಳೆ, ನೀನು ಎಂದಿನಂತೆ ಎಡಗೈಯನ್ನು ಜೇಬಿನಲ್ಲಿ ಇಟ್ಟುಕೊಂಡಿರುತ್ತೀಯ. ಓದಿದ್ದು ಸಾಕು, ಆ ಕೈ ಹೊರಗೆ ತೆಗೆದು ಅವಳ ಕೈಗೆ ಕೊಡು.