ಬಕೆಟ್ಟಿನೊಳಗಿನ ಪರೀಕ್ಷೆ

ಜನವರಿ 9
ಡೈವಿಂಗಿಗೆ ಮೈತುಂಬ ಹಾಕುವ ರಬ್ಬರ್ ವೆಟ್‌ಸೂಟ್ ಎರಡನ್ನೂ ಜಾಲಿಸಿ ಬಾಲ್ಕನಿಯಲ್ಲಿ ಒಣಹಾಕಿದೆ. ಅತ್ತೆಯ ಗೊಣಗಾಟ ಎಂದಿನಂತೆ. "ಮನೆ ಮುಂದೆ ತಲೆ ಇಲ್ದೋರಿಬ್ಬರು ನೇತಾಡ್ತಿದ್ದಾರೆ."
ಮಾವ ಪ್ಲಂಬರ್ ಕೆಲಸ ಬಿಟ್ಟ ಮೇಲೆ ಡೈವಿಂಗ್ ಕಲಿತವರು. ಜೊತೆಗೆ ನನ್ನನ್ನೂ ಎಳೆದರು. ಅವರ ಮಗ, ನನ್ನ ಗಂಡನಿಗೋ ಸ್ನಾನಕ್ಕೂ ಎರಡು ಸಲ ಹೇಳಬೇಕು.
ಮಾವನ ಡೈವ್ ಕಂಪ್ಯೂಟರ್ ಕೆಟ್ಟಿದೆ. ಎಷ್ಟು ಆಳ, ಇನ್ನೆಷ್ಟು ಹೊತ್ತು ಇರಬಹುದು ಎಂದು ಕೈಮೇಲೆ ತೋರಿಸುವ ಯಂತ್ರ. ಹೊಸದರ ಆಯ್ಕೆ ನನ್ನ ತಲೆಗೆ.

ಜನವರಿ 12, ಸಂಜೆ
ಅಂಗಡಿ. ಮಾವನ ಕಣ್ಣು ತೆಳ್ಳಗಿನ, ವಾಚಿನಂಥದ್ದರ ಮೇಲೆ. "ಮದುವೆಗೂ ಕಟ್ಕೊಂಡು ಹೋಗ್ಬಹುದು." ಆಸೆ ನೋಡು!
ನನಗೆ ಹಿಡಿಸಿದ್ದು ದಪ್ಪದ್ದು. ದೊಡ್ಡ ಅಂಕಿ, ಎರಡೇ ಬಟನ್, ಬ್ಯಾಟರಿ ಮನೆಯಲ್ಲೇ ಬದಲಿಸಬಹುದು.
"ಇದೇನು, ಲಿಫ್ಟಿನ ಬೋರ್ಡಾ?"
ಅಂಗಡಿಯಾಕೆ ಎರಡನ್ನೂ ಮನೆಗೆ ಒಯ್ದು ನೋಡಲು ಕೊಟ್ಟಳು. ಅವಳ ಮನೆಯ ಸೋರಿಕೆ ನಿಲ್ಲಿಸಿದ್ದು ಮಾವನೇ.

ಜನವರಿ 13
ಪರೀಕ್ಷೆ ಬಚ್ಚಲಲ್ಲಿ. ಲೈಟ್ ಆರಿಸಿ, ಮಾಸ್ಕ್ ಹಾಕಿದ ಮಾವನ ತಲೆ ಬಕೆಟ್ಟಿನೊಳಗೆ. ಕೈಯಲ್ಲಿ ತೆಳ್ಳಗಿನದು.
"ಕಾಣ್ತಾ ಮಾವ?"
"ಎಲ್ಲಾ ಸ್ಪಷ್ಟ."
"ಬ್ಯಾಟರಿ ಎಷ್ಟಿದೆ?"
"ಬೇಕಾದಷ್ಟು."
ಪರದೆಯ ಮೇಲೆ ನಾನು ಕಪ್ಪು ಟೇಪ್ ಅಂಟಿಸಿದ್ದೆ.
ನಗು ಬಂತು. ಆಮೇಲೆ ಲೈಟ್ ಹಾಕಿ ಕೇಳಿದೆ. "ಹಾಗಾದ್ರೆ ಹೋದ ತಿಂಗಳು ಆ ಮುಳುಗಿದ ಹಡಗಿನ ಹತ್ರ ಏನು ನೋಡ್ತಿದ್ರಿ?"
"ನಿನ್ನನ್ನ. ನೀನು ಮೇಲೆ ಹೊರಟ್ರೆ ನಾನೂ ಹೊರಡೋಣ ಅಂತ."
ಅಯ್ಯೋ. ನಾನು ಅವರನ್ನು ನೋಡುತ್ತಿದ್ದೆ! ಹೊತ್ತಾಯಿತು ಎಂದು ನನ್ನ ಕಂಪ್ಯೂಟರ್ ಮಿನುಗುತ್ತಿತ್ತು. ಆದರೆ ಹಿರಿಯರಿಗಿಂತ ಮೊದಲು ಹೇಗೆ ಹೊರಡಲಿ ಎಂದು ಕಾದೆ… ಅಷ್ಟು ಆಳದಲ್ಲಿ ಹೊತ್ತು ಮೀರಿದರೆ ಜೀವಕ್ಕೇ ಕುತ್ತು. ಮರ್ಯಾದೆ ತೋರಿಸಲು ಹೋಗಿ ಇಬ್ಬರೂ ಸಾಯುತ್ತಿದ್ದೆವು.

ಜನವರಿ 14
ಮಾವ ಊಟಕ್ಕೂ ಮುಖ ಎತ್ತಲಿಲ್ಲ. "ಕುರುಡನ ಜೊತೆ ನಿನಗ್ಯಾಕೆ ಡೈವಿಂಗು. ನಾನು ಬಿಟ್ಟೆ."
"ನೀವಿಲ್ದೆ ನಾನು ನೀರಿಗೇ ಇಳಿಯಲ್ಲ ಮಾವ." ಅಳುವೇ ಬಂದುಬಿಟ್ಟಿತು, ಎಲ್ಲರ ಮುಂದೆ.
ಅತ್ತೆ ಸಾರು ಬಡಿಸುತ್ತ — "ಕಣ್ಣು ಮಂಜಾದ್ರೆ ಚಾಳೀಸು ಬರತ್ತೆ. ಬುದ್ಧಿ ಮಂಜಾದ್ರೆ ಏನ್ರೀ ಹಾಕ್ಸೋದು?"

ಜನವರಿ 25, ದೋಣಿಯಲ್ಲಿ
ಕಡೆಗೂ ಮಾವ ಬಂದರು, ದಪ್ಪದ್ದನ್ನೇ ಕಟ್ಟಿಕೊಂಡು.
ಕೆಳಗೆ ಆಮೆ ಸಿಕ್ಕಿತು. ಮೈಮರೆತು ಅದರ ಹಿಂದೆ ಹೊರಟೆ. ಯಾರೋ ನನ್ನ ಕಾಲಿನ ಫಿನ್ ಹಿಡಿದೆಳೆದರು. ಮಾವ! ಕಂಪ್ಯೂಟರನ್ನು ನನ್ನ ಮಾಸ್ಕಿಗೇ ಹಿಡಿದು, ಮೇಲೆ ಹೋಗೋಣ ಎಂದು ಹೆಬ್ಬೆರಳು ಎತ್ತಿದರು. ನನ್ನದರಲ್ಲಿ ಇನ್ನೂ ಹೊತ್ತಿತ್ತು. ಆದರೂ ಜೊತೆಯಲ್ಲೇ ಮೇಲೆ ಬಂದೆ.
"ಎರಡೂ ಬೇರೆ ಬೇರೆ ಹೇಳಿದ್ರೆ ಯಾವುದನ್ನ ನಂಬೋದು?"
"ಜಾಸ್ತಿ ಹೆದರೋದನ್ನ, ಮಗಾ. ಇಷ್ಟು ವರ್ಷ ನಿಮ್ಮತ್ತೆ ಮಾತು ಕೇಳ್ತಿಲ್ವಾ ನಾನು?"
ನಕ್ಕೂ ನಕ್ಕೂ ಸಾಕಾಯಿತು. ಅವರ ಕೈ ಮಾತ್ರ ನನ್ನ ಮಣಿಕಟ್ಟು ಬಿಡಲಿಲ್ಲ. "ಆವತ್ತು ಹಡಗಿನ ಹತ್ರ ನಿನಗೇನಾದ್ರೂ ಆಗಿದ್ರೆ…" ಅಲ್ಲಿಗೇ ನಿಲ್ಲಿಸಿ ಸಮುದ್ರ ನೋಡಿದರು. ನನ್ನ ಅಪ್ಪನೂ ಇಷ್ಟು ಗಟ್ಟಿಯಾಗಿ ನನ್ನ ಕೈ ಹಿಡಿದದ್ದು ನೆನಪಿಲ್ಲ.
ಈಗ ಟವೆಲ್ ಕೊಡುವ ನೆಪದಲ್ಲಿ ಪಕ್ಕಕ್ಕೇ ಬಂದು ಕೂತಿದ್ದಾರೆ. ಮೂಗಿನ ಮೇಲೆ ಹೊಸ ಚಾಳೀಸು. ಡೈರಿ ಮುಚ್ಚಬೇಕು, ಇವರಿಗೀಗ ಸಣ್ಣಕ್ಷರವೂ—